ತಲೆನೋವಿನ ಮಾತ್ರೆಗೆ ಎಷ್ಟು ಡಿಗ್ರಿ?

ಔಷಧಿ ಕೊಡುವ ಕಿಟಕಿ ಎಷ್ಟು ಚಿಕ್ಕದು ಅನ್ನೋದು ಅದರ ಹಿಂದೆ ಕೂತವರಿಗಷ್ಟೇ ಗೊತ್ತು. ನನಗೆ ಕಾಣುತ್ತಿದ್ದದ್ದು ಎರಡು ಕೈ, ಒಂದು ಚೀಟಿ, ಅವರು ಬಗ್ಗಿದರೆ ಒಂದು ಮೂಗು. ಮೂವತ್ತೊಂದು ವರ್ಷ ಹೀಗೆ ಕೈಗಳನ್ನೇ ನೋಡಿದ್ದರಿಂದ ಈಗಲೂ ಬಂಗಾರಪೇಟೆ ಸಂತೆಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಮುಖ ಗುರುತು ಸಿಗುವುದಿಲ್ಲ. ಅವರು ಟೊಮೇಟೊ ಆರಿಸಲು ಕೈ ಚಾಚಿದ ಮೇಲೆ, ಓಹೋ, ಇದು ಬಿ.ಪಿ. ಮಾತ್ರೆ, ಇದು ಕಜ್ಜಿ ಮುಲಾಮು ಎಂದು ನೆನಪಾಗುತ್ತದೆ.

ಡಿ.ಫಾರ್ಮಾ ಮುಗಿಸಿ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಕೆ.ಜಿ.ಎಫ್ ಪಟ್ಟಣದ ಕೋರಮಂಡಲ್‌ನ ನಮ್ಮ ಮನೆಗೆ ಬಂದು, ಮೇಡಂ, ಕೆಲಸ ನಿಜವಾಗಿ ಹೇಗಿರುತ್ತೆ ಹೇಳಿ ಅಂತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಕೇಳಬೇಡಿ. ಒಂದೇ ಒಂದು ಸಿಕ್ಕಿತು, ಜೊತೆಗೆ ಕೈ ಇರುವ ಕುರ್ಚಿ ಬಂತು, ಕಿಟಕಿ ಅಷ್ಟೇ ಚಿಕ್ಕದಾಗಿ ಉಳಿಯಿತು. ಹಾವು ಕಡಿತ, ಕಾಲರಾ ಎಂದೆಲ್ಲ ರೋಚಕವಾದದ್ದನ್ನು ಬಿಟ್ಟು ತಲೆನೋವಿನ ಬಗ್ಗೆ ಬರೆಯುತ್ತೇನೆ. ಯಾಕೆಂದರೆ ನಿಮ್ಮ ಕಿಟಕಿಗೆ ದಿನಾ ಬರುವುದು ಅದೇ, ಮತ್ತು ನಾನು ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದ್ದೂ ಅದರಲ್ಲೇ.

ನನ್ನ ಮೊದಲ ಕೆಲಸ ಆಂಡರ್ಸನ್‌ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ. ಅಂಗಡಿಯ ಯಜಮಾನರನ್ನು ಎಲ್ಲರೂ ಮೊದಲಾಳಿ ಅಂತಿದ್ದರು. ಗಿರಾಕಿ ತಮಿಳಿನಲ್ಲಿ ನೋವು ಹೇಳಿ, ತೆಲುಗಿನಲ್ಲಿ ಬೈದುಕೊಂಡು, ಕನ್ನಡದಲ್ಲಿ ಮಾತ್ರೆ ಕೇಳುತ್ತಿದ್ದ ಜಾಗ ಅದು. ಮಾತ್ರೆಗಳಿಗೆ ಅಲ್ಲಿ ಹೆಸರಿರಲಿಲ್ಲ, ಬಣ್ಣವಿತ್ತು. ಬೆಳ್ಳಗಿರೋದು ಅಂದರೆ ಪ್ಯಾರಾಸಿಟಮಾಲ್, ಕೆಂಪಗಿರೋದು ಅಂದರೆ ಐಬುಪ್ರೊಫೆನ್. ನಾನೋ ಆಗಷ್ಟೇ ಪರೀಕ್ಷೆ ಪಾಸಾಗಿದ್ದವಳು, ತಲೆಯಲ್ಲಿ ಓದಿದ್ದೆಲ್ಲ ಬಿಸಿ ಬಿಸಿಯಾಗಿತ್ತು. ಮೊದಲ ವಾರವೇ ಒಬ್ಬ ಆಟೋ ಡ್ರೈವರ್ ತಲೆನೋವಿಗೆ ಒಂದು ಮಾತ್ರೆ ಕೇಳಿದ. ನಾನು ಅವನನ್ನು ನಿಲ್ಲಿಸಿಕೊಂಡು ಪ್ಯಾರಾಸಿಟಮಾಲ್ ಯಕೃತ್ತಿನಲ್ಲಿ ಏನಾಗುತ್ತದೆ, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಏನು ಮಾಡುತ್ತದೆ, ಆಸ್ಪಿರಿನ್ ರಕ್ತವನ್ನು ಹೇಗೆ ತೆಳುಮಾಡುತ್ತದೆ ಎಂದು ಕಾಲು ಗಂಟೆ ಪಾಠ ಮಾಡಿದೆ. ಅವನು ಕೈಕಟ್ಟಿ ಕೇಳಿ, ಕೊನೆಗೆ ಮೊದಲಾಳಿಯತ್ತ ತಿರುಗಿದ.

“ಅಣ್ಣಾ, ನೋವು ನಮ್ಮನೆಯೋಳಿಗೆ. ನಂಗೆ ಈಗ್ ತಾನೆ ಶುರುವಾಯ್ತು. ಎರಡು ಕೊಡ್ಸು.”

ಮೊದಲಾಳಿ ನಕ್ಕ ರಭಸಕ್ಕೆ ಅವರ ಕನ್ನಡಕ ಕೆಮ್ಮಿನ ಔಷಧಿಯ ಬಾಟಲಿಗಳ ಹಿಂದೆ ಬಿದ್ದು, ಅದನ್ನು ಹುಡುಕಲು ಮಧ್ಯಾಹ್ನವೆಲ್ಲ ಹೋಯಿತು.

ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತು. ಕೆ.ಜಿ.ಎಫ್‌ನಿಂದ ಬಂಗಾರಪೇಟೆಗೆ ಹೋಗುವ ಕಡೆ ಒಂದು ಹಳ್ಳಿಯ ಆರೋಗ್ಯ ಕೇಂದ್ರ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಗೌರಮ್ಮ ಬಸ್ಸು ಹತ್ತಿ ಜಗಳಕ್ಕೆ ಬರುತ್ತಾಳೆ. ಗೌರಮ್ಮ ಯಾರು ಅಂತ ಮುಂದೆ ಹೇಳುತ್ತೇನೆ. ಅಲ್ಲಿ ನಾನು ಸರೋಜ ಹೋಗಿ ಕಾಂಪೌಂಡರಮ್ಮ ಆದೆ. ಮೊದಮೊದಲು ದೊಡ್ಡ ಡಬ್ಬಿಯಲ್ಲಿ ಬಿಡಿ ಮಾತ್ರೆ ಬರುತ್ತಿತ್ತು. ಹಳೇ ಚಾಕುವಿನಿಂದ ಐದೈದಾಗಿ ಎಳೆದು ಎಣಿಸಿ, ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಿದ್ದೆ. ಆಮೇಲೆ ಸ್ಟ್ರಿಪ್ಪು ಬಂತು, ಎಣಿಸುವ ಕೆಲಸ ಕತ್ತರಿಸುವ ಕೆಲಸವಾಯಿತು. ಕೊನೆಗೆ ಕಂಪ್ಯೂಟರ್ ಬಂತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ನೀನು ಯಾರು ಅಂತ ನನ್ನನ್ನೇ ಕೇಳುತ್ತಿತ್ತು.

ನನ್ನ ಮೇಲಧಿಕಾರಿ ಡಾಕ್ಟರ್ ಪ್ರಭಾಕರ್. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ತಲೆನೋವು ಅಂತ ಬಂದವರಿಗೆ, ಯಾವಾಗಿನಿಂದ, ಎಲ್ಲಿ, ಜ್ವರ ಇದೆಯಾ, ಪೆಟ್ಟು ಬಿದ್ದಿತ್ತಾ, ಕಣ್ಣು ಮಂಜಾಗುತ್ತಾ ಎಂದೆಲ್ಲ ಕೇಳದೆ ಬಿಡುತ್ತಿರಲಿಲ್ಲ. ನನಗೆ ಅದೆಲ್ಲ ಅತಿಯಾಯಿತು ಅನ್ನಿಸುತ್ತಿತ್ತು. ಒಂದು ದಿನ ಇಟ್ಟಿಗೆ ಗೂಡಿನ ಕೂಲಿಯೊಬ್ಬ ಮಾಮೂಲಿ ಮಾತ್ರೆ ಕೊಡಿ ಅಂತ ನೇರ ನನ್ನ ಕಿಟಕಿಗೆ ಬಂದ. ನಾನು ಸ್ಟ್ರಿಪ್ಪು ಕತ್ತರಿಸುತ್ತಿದ್ದಾಗ ಡಾಕ್ಟರು ಆ ಕಡೆಯಿಂದ ಹಾದುಹೋದರು, ಅವನ ಮುಖ ನೋಡಿ ನಿಂತರು. ಜನ್ಮದಲ್ಲೇ ಇಂಥ ನೋವು ಕಂಡಿಲ್ಲ, ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂತು ಅಂದ ಅವನು. ಐದು ನಿಮಿಷದಲ್ಲಿ ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಕಳಿಸಿದರು. ಮನುಷ್ಯ ಉಳಿದ. ನನಗೆ ಕಂಡದ್ದು ಅವನ ಕೈ ಮಾತ್ರ, ಮುಖ ಕಂಡದ್ದು ಡಾಕ್ಟರಿಗೆ. ಮಕ್ಕಳೇ, ಕುರ್ಚಿಯಿಂದ ಎದ್ದು ನಿಂತು ಮುಖ ನೋಡಿ. ಸೊಂಟಕ್ಕೂ ಒಳ್ಳೆಯದು.

ಆದರೆ ಬಹುಪಾಲು ಬರುವುದು ಅಂಥದ್ದಲ್ಲ. ತಲೆ ಸುತ್ತ ಪಟ್ಟಿ ಬಿಗಿದ ಹಾಗೆ, ಎರಡೂ ಕಡೆ ಅದುಮುವ ನೋವು. ವಾಂತಿಯಿಲ್ಲ, ಕತ್ತು ಭುಜ ಕಲ್ಲಾಗಿರುತ್ತದೆ. ನಿದ್ದೆಗೆಟ್ಟಿದ್ದು, ಊಟ ಬಿಟ್ಟಿದ್ದು, ತಲೆ ಮೇಲಿನ ಜವಾಬ್ದಾರಿ, ಎಲ್ಲ ಸೇರಿ ಹಿಂಡುವ ನೋವು. ರತ್ನಮ್ಮನದೂ ಅದೇ.

ರತ್ನಮ್ಮ ನಮ್ಮ ಆರೋಗ್ಯ ಕೇಂದ್ರದ ಎದುರಿಗಿದ್ದ ಹೆಂಗಸರ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ನಲವತ್ತು ಹೆಂಗಸರು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಪ್ರತಿಯೊಬ್ಬರ ಹಾಲಿನಿಂದ ಒಂದು ಪುಟ್ಟ ಬಾಟಲಿಯಲ್ಲಿ ಸ್ಯಾಂಪಲ್ ತೆಗೆದು ಮಿಷನ್ನಿಗೆ ಇಟ್ಟರೆ ಕೊಬ್ಬು ಎಷ್ಟು, ಡಿಗ್ರಿ ಅಂದರೆ ಹಾಲಿನ ಗಟ್ಟಿತನ ಎಷ್ಟು ಅಂತ ತೋರಿಸುತ್ತದೆ. ನೀರು ಬೆರೆತರೆ ಡಿಗ್ರಿ ಇಳಿಯುತ್ತದೆ. ಡಿಗ್ರಿ ಇಳಿಯಿತು ಅಂತ ಹೇಳುವವಳು ರತ್ನಮ್ಮ. ಇಳಿದಿಲ್ಲ ಅಂತ ಕೂಗುವವರು ನಲವತ್ತು ಜನ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಆ ಕೆಲಸ ಕಲಿತು, ಸ್ವಂತ ಅತ್ತೆಯ ಹಾಲಿಗೂ ಇದ್ದದ್ದನ್ನೇ ಬರೆದವಳು. ಆ ಕುರ್ಚಿ ಅಂದರೆ ಅವಳಿಗೆ ಪ್ರಾಣ.

ಆ ಪ್ರಾಣಕ್ಕೇ ಕುತ್ತು ಬಂದಿತ್ತು. ಒಂದು ಬೆಳಗ್ಗೆ ಗೌರಮ್ಮ, ಅಂದರೆ ಆ ಸಾಲಿನಲ್ಲೇ ದೊಡ್ಡ ಗಂಟಲಿನ ಹೆಂಗಸು, ತನ್ನ ಹಾಲನ್ನು ಮೂರನೇ ಸಲ ಟೆಸ್ಟ್ ಮಾಡು ಅಂತ ಕಿವಿಯ ಹತ್ತಿರ ಕೂಗಿದಳು. ತಲೆ ಸಿಡಿಯುತ್ತಿದ್ದ ರತ್ನಮ್ಮ ಕ್ಯಾನು ಎತ್ತಿ ಹಾಲನ್ನು ರಸ್ತೆಗೆ ಸುರಿದುಬಿಟ್ಟಳು. ಬೀದಿನಾಯಿಗಳಿಗೆ ಹಬ್ಬ. ಡೈರಿ ಸಂಘದವರು ಸೇರಿ ಒಂದು ಮಾತು ಹೇಳಿದರು: ವರ್ಷದ ಸಭೆ ಬರುವಷ್ಟರಲ್ಲಿ ಇನ್ನೊಂದು ಸಲ ಹೀಗೆ ಸಿಟ್ಟು ಮಾಡಿದರೆ ಟೆಸ್ಟರ್ ಕೆಲಸ ಬೇರೆಯವರಿಗೆ. ಬೇರೆಯವರು ಅಂದರೆ ಪಿ.ಯು.ಸಿ. ಪಾಸಾಗಿ ಮನೆಯಲ್ಲಿದ್ದ ಗೌರಮ್ಮನ ಸೊಸೆ ಎಂದು ಊರಿಗೆಲ್ಲ ಗೊತ್ತಿತ್ತು.

ರತ್ನಮ್ಮ ನನ್ನ ಕಿಟಕಿಗೆ ಬಂದಳು. ಈ ಸಲ ನಾನು ಎದ್ದು ನಿಂತು ಮುಖ ನೋಡಿದೆ. ಹುಬ್ಬು ಎರಡೂ ಗಂಟು ಹಾಕಿಕೊಂಡಿದ್ದವು.

“ಅಕ್ಕ, ನಿನ್ ಅತ್ರ ಇರೋ ಮಾತ್ರೆಗಳ್ಲಿ ಯಾವ್ದು ಒಳ್ಳೇದು? ಸರ್ಯಾಗ್ ಯೋಳು. ಬೆಳ್ಳಗಿರೋದ್ರ ಡಿಗ್ರಿ ಎಷ್ಟು? ಕೆಂಪಗಿರೋದ್ರ ಡಿಗ್ರಿ ಎಷ್ಟು?”

ಡಾಕ್ಟರು ಒಳಗಿನಿಂದಲೇ ಉತ್ತರ ಕೊಟ್ಟರು. “ಈ ನೋವಿಗೆ ಎಲ್ಲ ಹತ್ತಿರ ಹತ್ತಿರ ಒಂದೇ ರತ್ನಮ್ಮ. ದೊಡ್ಡವರಿಗೆ ಪ್ಯಾರಾಸಿಟಮಾಲ್ ಆದ್ರೆ ಐನೂರರದ್ದು ಎರಡು, ಐಬುಪ್ರೊಫೆನ್ ಆದ್ರೆ ನಾನೂರರದ್ದು ಒಂದು, ಊಟ ಆದ್ಮೇಲೆ. ಆಸ್ಪಿರಿನ್ ಕೂಡ ಕೆಲಸ ಮಾಡುತ್ತೆ, ಹೊಟ್ಟೆ ಉರಿಸುತ್ತೆ, ಮಕ್ಕಳಿಗೆ ಕೊಡಬಾರದು. ಕೆಫೀನ್ ಸೇರಿಸಿದ್ದು ಒಂಚೂರು ಚುರುಕು, ಆದ್ರೆ ಬೇಗ ಅಭ್ಯಾಸ ಆಗುತ್ತೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಸುರಿ ಅಂದ್ರೆ ಬೆಳ್ಳಗಿರೋದೇ ವಾಸಿ.”

ಎಲ್ಲ ಹತ್ತಿರ ಹತ್ತಿರ ಒಂದೇ ಎಂಬ ಮಾತನ್ನು ಒಬ್ಬ ಟೆಸ್ಟರ್ ನಂಬುತ್ತಾಳೆಯೇ? ನಲವತ್ತು ಹಸುವಿನ ಹಾಲು ಒಂದೇ ಅಂತ ಯಾರಾದರೂ ಅಂದರೆ ಅವಳು ನಗುತ್ತಾಳೆ. ಮಿಷನ್ನಿಗೆ ಇಡದೆ ಎಂಗೆ ಗೊತ್ತಾತದೆ ಎಂದು ಹೇಳಿ, ಮಾರನೇ ದಿನವೇ ಒಂದು ನೋಟ್‌ಬುಕ್ ತಂದಳು. ಗೆರೆ ಎಳೆದು ಮೂರು ಕಾಲಂ ಮಾಡಿದ್ದಳು. ನೋವು ಎಷ್ಟು ಇಳಿಯಿತು ಅನ್ನುವುದಕ್ಕೆ ಡಿಗ್ರಿ, ಎಷ್ಟು ಹೊತ್ತು ತಡೆಯಿತು ಅನ್ನುವುದಕ್ಕೆ ಕೊಬ್ಬು, ಹೊಟ್ಟೆ ಉರಿದರೆ ನೀರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೊಸ ಔಷಧಿ ಕಂಡುಹಿಡಿದವರು ನಾವೇ ಎಂಬಂತೆ ಇಬ್ಬರೂ ಬೆಂಚಿನ ಮೇಲೆ ಕೂತು ಕಾಫಿ ಕುಡಿದೆವು. ಒಬ್ಬಳ ತಲೆ ಸಾಲದು ಅಂತ ಅವಳು ಸಾಲಿನಲ್ಲಿದ್ದ, ಇಂಥದ್ದೇ ತಲೆನೋವಿನ ಐದು ಹೆಂಗಸರನ್ನೂ ಸೇರಿಸಿದಳು. ಸಿಟ್ಟು ಸಿಟ್ಟಾಗಿಯೇ ಇದ್ದರೂ ಬಿಟ್ಟಿ ಮಾತ್ರೆ ಸಿಗುತ್ತದೆ ಅಂತ ಆ ಐವರಲ್ಲಿ ಗೌರಮ್ಮನೂ ಒಬ್ಬಳಾದಳು. ಡಾಕ್ಟರು ಎಲ್ಲರನ್ನೂ ನೋಡಿ ಚೀಟಿ ಬರೆದರು. ನೋವು ಬಂದ ದಿನ ಮಾತ್ರ ನುಂಗಿ, ನುಂಗಿದ್ದನ್ನು ರತ್ನಮ್ಮನಿಗೆ ಹೇಳಿ ಬರೆಸಿ ಎಂದು ನಾನು ಹೇಳಿ ಕಳಿಸಿದೆ.

ಎರಡು ವಾರ ಕಳೆಯಿತು. ನೋಟ್‌ಬುಕ್ಕಿನಲ್ಲಿ ಎಲ್ಲ ಮಾತ್ರೆಗೂ ಡಿಗ್ರಿ ಪಾತಾಳಕ್ಕೆ ಇಳಿದಿತ್ತು. ಬಿಳಿಯದೂ ಸೋತಿತ್ತು, ಕೆಂಪೂ ಸೋತಿತ್ತು. ಸರ್ಕಾರ ಸುಣ್ಣದ ಮಾತ್ರೆ ಕಳಿಸಿದೆಯೋ ಏನೋ ಎಂದು ನಾನು ಡಬ್ಬಿಗಳ ಮೇಲಿನ ಹೆಸರನ್ನೆಲ್ಲ ಮತ್ತೆ ಓದಿದೆ. ಆಗ ಐವರು ಹೆಂಗಸರೂ ಮೆರವಣಿಗೆಯಲ್ಲಿ ಬಂದು ನನ್ನ ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬಾಟಲಿ ಇಟ್ಟರು. ಡೈರಿಯ ಸ್ಯಾಂಪಲ್ ಬಾಟಲಿಗಳು. ಪ್ರತಿಯೊಂದಕ್ಕೂ ಸದಸ್ಯೆಯ ನಂಬರ್ ಅಂಟಿಸಿತ್ತು. ಒಳಗೆ ಅರ್ಧರ್ಧ ಮುರಿದ ಮಾತ್ರೆಗಳು.

“ಏನಿದು ಗೌರಮ್ಮ?”

“ಸ್ಯಾಂಪಲ್ಲು ಕಾಂಪೌಂಡರಮ್ಮ. ಟೆಸ್ಟು ಅಂದ್ಮೇಲೆ ಸ್ಯಾಂಪಲ್ ತೆಗ್ದು ಇಡಬೇಡ್ವಾ? ಎಲ್ಲಾದ್ರಾಗೂ ಅರ್ಧ ತಿಂದು ಅರ್ಧ ನಿಂಗೆ ಅಂತ ಮಡ್ಗಿದೀವಿ. ನಾಳೆ ನೀನೇ ಸುಳ್ಳು ಅಂದ್ರೆ?”

ಹಾಲಿಗೆ ಸ್ಯಾಂಪಲ್ ಕೊಟ್ಟು ಕೊಟ್ಟು ಅಭ್ಯಾಸವಾದ ಕೈಗಳು, ಪಾಪ, ಪ್ರಾಮಾಣಿಕವಾಗಿ ಅರ್ಧ ಮಾತ್ರೆ ನನಗೆ ಉಳಿಸಿದ್ದವು. ಎರಡು ನುಂಗಬೇಕಾದ ಕಡೆ ಒಂದು, ಒಂದು ನುಂಗಬೇಕಾದ ಕಡೆ ಅರ್ಧ. ಇನ್ನು ನೋವು ಹೋಗುವುದು ಹೇಗೆ? ನಾನು ಕಿಟಕಿಯ ಕೆಳಗೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಎಂದೂ ನಗದ ಡಾಕ್ಟರ್ ಪ್ರಭಾಕರ್ ಹೊರಬಂದು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಗಂಭೀರವಾಗಿ, “ಡಿಗ್ರಿ ಚೆನ್ನಾಗಿದೆ” ಅಂದರು. ಅಷ್ಟೇ. ಐವರೂ ಬಿದ್ದು ಬಿದ್ದು ನಕ್ಕರು. ಅರ್ಧ ಮಾತ್ರೆ ನುಂಗಿದರೆ ಅರ್ಧ ಫಲವೂ ಸಿಗದೇ ಹೋಗಬಹುದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ದಿನ ನನಗೆ ಮತ್ತೆ ಸಿಗಲಿಲ್ಲ.

ಬಾಟಲಿ ತರದೇ ಇದ್ದವಳು ರತ್ನಮ್ಮ ಒಬ್ಬಳೇ. ಅವಳು ನೋಟ್‌ಬುಕ್ ಮಾತ್ರ ತಂದಿದ್ದಳು. ಡಾಕ್ಟರು ಅದನ್ನು ತಿರುವಿ ಹಾಕುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದು ಯಾರ ಸಾಲು?”

“ನಂದೇ ಸಾಮಿ.”

“ಒಂದು ದಿನವೂ ಖಾಲಿ ಇಲ್ಲವಲ್ಲಮ್ಮ.”

ನಿಜ. ಬೇರೆಯವರ ಸಾಲಿನಲ್ಲಿ ವಾರಕ್ಕೆ ಒಂದೋ ಎರಡೋ ದಿನ ಗುರುತಿದ್ದರೆ ಅವಳ ಸಾಲು ಭರ್ತಿಯಾಗಿತ್ತು. ಬೆಳಗ್ಗೆ ಬಿಳಿ, ಮಧ್ಯಾಹ್ನ ಆಂಡರ್ಸನ್‌ಪೇಟೆಯಿಂದ ತರಿಸಿದ ಕೆಫೀನ್ ಸೇರಿದ್ದು, ಸಂಜೆ ಡೈರಿಗೆ ಮುಂಚೆ ಕೆಂಪು. ಹೊಟ್ಟೆ ಉರಿದ ದಿನಕ್ಕೆ ‘ನೀರು’ ಅಂತಲೂ ಮುಚ್ಚಿಡದೆ ಬರೆದಿದ್ದಳು. ಎಷ್ಟು ತಿಂಗಳಿನಿಂದ ಹೀಗೆ ಎಂದು ಡಾಕ್ಟರು ಕೇಳಿದರೆ, ಹೋದ ಯುಗಾದಿಯಿಂದ ಅಂದಳು.

ಯುಗಾದಿಯಿಂದ ಅವಳಿಗೆ ಹತ್ತು ಹತ್ತು ಮಾತ್ರೆ ಕತ್ತರಿಸಿ ಕೊಟ್ಟವಳು ನಾನೇ. ನಮ್ಮ ರತ್ನಮ್ಮ ತಾನೆ ಎಂದು ಚೀಟಿ ಹಳೆಯದಾಗಿದ್ದರೂ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ಅಷ್ಟೂ ಸಲ ಅವಳ ಹೆಸರು ನಾನೇ ಒತ್ತಿದ್ದೆ, ಒಂದು ಸಲವೂ ಹಿಂದಕ್ಕೆ ತಿರುಗಿಸಿ ಕೂಡಿಸಿ ನೋಡಿರಲಿಲ್ಲ. ಯಾವ ಮಾತ್ರೆ ಒಳ್ಳೆಯದು ಎಂದು ಹೋಲಿಸುವ ಸಡಗರದಲ್ಲಿ ಎಷ್ಟು ದಿನ ನುಂಗುತ್ತಿದ್ದಾಳೆ ಅನ್ನುವುದನ್ನೇ ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು, ಇವತ್ತು ಬರೆಯುವಾಗಲೂ ಆಗುತ್ತದೆ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ದಿನಾ ನುಂಗಿದರೆ ತಲೆನೋವಿನ ಮಾತ್ರೆಯೇ ತಲೆನೋವು ತರುತ್ತದೆ. ಕೆಫೀನ್ ಇಲ್ಲದ ಬರೀ ಮಾತ್ರೆಯಾದರೆ ತಿಂಗಳಲ್ಲಿ ಹದಿನೈದು ದಿನಕ್ಕೆ ಮುಟ್ಟಬಾರದು, ಕೆಫೀನ್ ಸೇರಿದ್ದಾದರೆ ಹತ್ತು ದಿನಕ್ಕೂ ಮುಟ್ಟಬಾರದು. ವಾರಕ್ಕೆ ಎರಡು ದಿನ ಅಂತ ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಈಗ ಎಲ್ಲ ನಿಲ್ಲಿಸಬೇಕು. ಮಲಗುವ ಮುಂಚೆ ಬೇರೆ ಒಂದು ಸಣ್ಣ ಮಾತ್ರೆ ಬರೆದುಕೊಡುತ್ತೇನೆ, ಅದು ನೋವಿನದಲ್ಲ. ಎರಡು ಮೂರು ವಾರ ನೋವು ಈಗಿನದಕ್ಕಿಂತ ಏರಬಹುದು, ಆಮೇಲೆ ಇಳಿಯುತ್ತದೆ ಅಂದರು.

“ಮೂರ್ ವಾರನಾ?” ರತ್ನಮ್ಮ ಬೆರಳು ಮಡಿಸಿ ಎಣಿಸಿದಳು. “ಸಭೆ ಇರೋದು ಒಂದ್ ತಿಂಗ್ಳಿಗೆ ಸಾಮಿ. ಮಾತ್ರೆ ಇಲ್ದಲೆ ಆ ಕೂಗಾಟ್ದಾಗೆ ಕೂತ್ರೆ ನಾನು ಆಲು ಚೆಲ್ಲಾದಲ್ಲ, ಮಿಷನ್ನೇ ಎತ್ತಿ ಒಗ್ದುಬಿಡ್ತೀನಿ. ಕೆಲ್ಸ ಓತದೆ.”

ಅವಳ ಹಿಂದೆಯೇ ಗೌರಮ್ಮ ನಿಂತಿದ್ದಳು. ನಮ್ಮ ಆರೋಗ್ಯ ಕೇಂದ್ರದಲ್ಲಿ ಗುಟ್ಟು ಹೇಳಲು ಇದ್ದದ್ದು ಒಂದು ಪರದೆ, ಅದೂ ಆ ವಾರ ಒಗೆಯಲು ಹೋಗಿತ್ತು. ಗೌರಮ್ಮ ಪ್ರತಿ ಮಾತೂ ಕೇಳಿಸಿಕೊಂಡಳು, ಸೆರಗು ಸರಿಮಾಡಿಕೊಂಡು ಸರಸರನೆ ಹೋದಳು. ಇನ್ನು ಅವಳು ಮಾಡಬೇಕಾದ್ದೇನು? ನಾಳೆ ಬೆಳಗ್ಗೆ ರತ್ನಮ್ಮನ ಕಿವಿಯ ಹತ್ತಿರ ಒಂದು ಸಲ ಕೂಗಿದರೆ ಸಾಕು, ಸೊಸೆಗೆ ಕುರ್ಚಿ ಸಿಕ್ಕ ಹಾಗೆ.

ಮಾರನೇ ಬೆಳಗ್ಗೆ ನಾನು ಕೋರಮಂಡಲ್‌ನಿಂದ ಸ್ಕೂಟರಿನಲ್ಲಿ ಹೊರಟು ಆರಕ್ಕೆಲ್ಲ ಡೈರಿಯ ಮುಂದೆ ಇದ್ದೆ. ಜಗಳ ಹತ್ತಿದರೆ ನಡುವೆ ಬೀಳೋಣ ಅಂತ. ಸಾಲು ನಿಂತಿತ್ತು. ಆದರೆ ಏನೋ ಸರಿಯಿಲ್ಲ ಅನ್ನಿಸಿತು. ಕಿವಿ ಅಡಚಿಕೊಂಡಿತೇನೋ ಅಂತ ಅಲುಗಾಡಿಸಿಕೊಂಡೆ. ನಲವತ್ತು ಹೆಂಗಸರು ನಿಂತಿದ್ದರು, ಒಬ್ಬರ ಬಾಯಲ್ಲೂ ಮಾತಿಲ್ಲ. ಕ್ಯಾನಿನ ಮುಚ್ಚಳವನ್ನು ಹಸುಗೂಸನ್ನು ಮಲಗಿಸುವ ಹಾಗೆ ಇಡುತ್ತಿದ್ದರು. ಸಾಲಿನ ತುದಿಯಲ್ಲಿ ಗೌರಮ್ಮ ಬೆರಳು ತುಟಿಯ ಮೇಲಿಟ್ಟು ಪೊಲೀಸಿನವಳಂತೆ ಕಾವಲಿದ್ದಳು. ಯಾರೋ ಸೀನಿದರು. ಗೌರಮ್ಮ ನೋಡಿದ ನೋಟಕ್ಕೆ ಎರಡನೇ ಸೀನು ಒಳಗೇ ಉಳಿಯಿತು.

ಗೌರಮ್ಮನ ಸರದಿ ಬಂತು. ಮಿಷನ್ನಿನಲ್ಲಿ ಡಿಗ್ರಿ ಕಡಿಮೆ ಬಂತು, ಎಂದಿನ ಹಾಗೆ. ಗೌರಮ್ಮನ ಗಂಟಲ ನರ ಉಬ್ಬಿತು, ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಅವಳು ಕೈಸನ್ನೆ ಶುರುಮಾಡಿದಳು. ಎರಡು ಬೆರಳು ತಲೆಗಿಟ್ಟು ಹಸು ಅಂದಳು, ಬಗ್ಗಿ ಹಾಲು ಕರೆದಳು, ಆಕಾಶ ತೋರಿಸಿ ದೇವರಾಣೆ ಮಾಡಿದಳು, ನೀರಿನ ನಲ್ಲಿ ತಿರುಗಿಸಿ ತೋರಿಸಿ ಇಲ್ಲ ಇಲ್ಲ ಅಂತ ಕೈ ಆಡಿಸಿದಳು. ಹಿಂದೆ ನಿಂತವರು ನಗು ತಡೆಯಲಾರದೆ ಒಬ್ಬರ ಹೆಗಲಿಗೆ ಒಬ್ಬರು ಬಾಯಿ ಒತ್ತಿಕೊಂಡು ಅಲುಗುತ್ತಿದ್ದರು. ರತ್ನಮ್ಮ ಮಾತ್ರ ಏನನ್ನೂ ನೋಡಲಿಲ್ಲ. ತಲೆಗೆ ಒದ್ದೆ ಬಟ್ಟೆ ಬಿಗಿದು, ಹಲ್ಲು ಕಚ್ಚಿ, ಮಿಷನ್ನು ತೋರಿಸಿದ್ದನ್ನು ಬರೆದು, ಮುಂದಿನ ಬಾಟಲಿಗೆ ಕೈ ಚಾಚುತ್ತಿದ್ದಳು.

ಹೀಗೆ ದಿನಾ ಎರಡು ಹೊತ್ತು. ನಾನು ಎರಡನೇ ವಾರಕ್ಕೆ ಕಾವಲು ಬಿಡಬಹುದಿತ್ತು, ಬಿಡಲಿಲ್ಲ. ಅಂಥ ನಾಟಕ ಯಾವ ಟಿವಿಯಲ್ಲಿ ಬರುತ್ತದೆ? ಒಂಬತ್ತನೇ ದಿನ ರತ್ನಮ್ಮ ನನ್ನ ಹತ್ತಿರ ಬಂದು ಒಂದೇ ಒಂದು ಮಾತ್ರೆ ಕೊಡು ಅಂತ ಅತ್ತಳು. ಅದನ್ನು ನನ್ನಿಂದ ನೋಡಲಾಗಲಿಲ್ಲ. ಸ್ಟ್ರಿಪ್ಪು ಎತ್ತಿಕೊಂಡೆ, ಕೆಳಗಿಟ್ಟೆ, ಹೊರಗೆ ಬಂದು ಅವಳ ಕತ್ತು ಭುಜ ತಿಕ್ಕುತ್ತಾ ಅವಳ ಜೊತೆ ನಾನೂ ಅತ್ತೆ. ಮೂವತ್ತೊಂದು ವರ್ಷದಲ್ಲಿ ಔಷಧಿ ಕೊಡದೇ ಇದ್ದದ್ದಕ್ಕೆ ನನಗೆ ಹೆಮ್ಮೆಯಾದದ್ದು ಆವತ್ತು.

ಮೂರು ವಾರ ದಾಟಿದ ಮೇಲೆ ಒಂದು ಬೆಳಗ್ಗೆ, ಗೌರಮ್ಮನದೂ ಸೇರಿ ಹತ್ತಿಪ್ಪತ್ತು ಜನರ ಹಾಲು ಆದ ಮೇಲೆ, ರತ್ನಮ್ಮ ಬಾಟಲಿ ಕೆಳಗಿಟ್ಟು ಸುತ್ತ ನೋಡಿದಳು. ತಲೆಯ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

“ಏನ್ರೇ ಇದು? ಯಾರಾನ ಸತ್ತೋದ್ರಾ? ಯಾಕ್ ಯಾರೂ ಮಾತಾಡ್ತಿಲ್ಲ?”

ಅಷ್ಟು ದಿನ ಅವಳ ತಲೆಯೊಳಗೇ ಎಷ್ಟು ಗದ್ದಲ ಇತ್ತೆಂದರೆ ಹೊರಗಿನ ಮೌನ ಅವಳಿಗೆ ಗೊತ್ತೇ ಆಗಿರಲಿಲ್ಲ. ಎಲ್ಲರೂ ಗೌರಮ್ಮನ ಮುಖ ನೋಡಿದರು. ಗೌರಮ್ಮ ಎರಡು ಹೆಜ್ಜೆ ಮುಂದೆ ಬಂದು, ತುಟಿಯ ಮೇಲಿನ ಬೆರಳು ತೆಗೆದಳು.

“ಮಾತಾಡ್ಬೋದೇನೇ?”

“ಮಾತಾಡ್ರೇ, ನಿಮ್ಗೇನ್ ಬಂತು?”

ಮೂರು ವಾರದ ಬಾಕಿ ಜಗಳವೆಲ್ಲ ಒಟ್ಟಿಗೇ ಬಂತು. ನಲವತ್ತು ಗಂಟಲು, ಮೂರು ಭಾಷೆ. ನಮ್ಮ ಆರೋಗ್ಯ ಕೇಂದ್ರದ ಗೋಡೆಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ನಾನು ಸ್ಕೂಟರಿಗೆ ಒರಗಿ ನಗುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಗೌರಮ್ಮ ನಡುವೆ ಗಕ್ಕನೆ ನಿಂತು, ಬಗ್ಗಿ ರತ್ನಮ್ಮನ ಮುಖ ನೋಡಿದಳು.

“ನೋಯ್ತೈತೇನೇ?”

ರತ್ನಮ್ಮ ಎರಡೂ ಕೈಯಿಂದ ತಲೆ ಮುಟ್ಟಿ ನೋಡಿಕೊಂಡಳು. “ಇಲ್ಲ ಕಣಕ್ಕ. ಇಲ್ಲ.” ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

“ಅಂಗಾದ್ರೆ ನನ್ ಆಲು ಇನ್ನೊಂದ್ ಕಿತ ನೋಡು.”

ರತ್ನಮ್ಮ ಸ್ಯಾಂಪಲ್ ತೆಗೆದು ಮಿಷನ್ನಿಗೆ ಇಟ್ಟಳು. ಮೊದಲಿನಷ್ಟೇ ಬಂತು. ಕೂದಲೆಳೆಯಷ್ಟೂ ಹೆಚ್ಚಿಲ್ಲ. ಹೇಳಿದಳು.

“ಸಭೇಲಿ ಇವ್ಳೇ ಇರ್ಲಿ ಅಂತ ಮೊದ್ಲು ನಾನೇ ಯೋಳ್ತೀನಿ,” ಎಂದಳು ಗೌರಮ್ಮ, ಕ್ಯಾನಿನ ಮುಚ್ಚಳವನ್ನು ಢಬಾರನೆ ಬಡಿದು. “ಆದ್ರೆ ಈ ಮಿಷನ್ನು ಸುಳ್ಳು ಕಣೇ, ಇದ್ನ ಮಾತ್ರ ಬದ್ಲಾಯ್ಸು!”